ಪದ್ಮಿನಿಗೆ ಜಿಪ್ಸಿ ಎಂಜಿನ್: ಹೀಟಿಂಗ್ ನಿಂತದ್ದು ಹೀಗೆ

ಹಳೇ ಪ್ರೀಮಿಯರ್ ಪದ್ಮಿನಿಗೆ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಕೂರಿಸಿದ್ದೇನೆ. ಮೊದಲಿದ್ದದ್ದು 1089 ಸಿಸಿ. ಮೌಂಟಿಂಗ್, ಹಿಂದಿನ ಚಕ್ರಗಳ ಕಡೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್ ಎಲ್ಲಾ ಲೇತ್‌ನಲ್ಲಿ ಮಾಡಿಸಿದ್ದಾಯ್ತು. ತಲೆ ತಿಂದದ್ದು ಹೀಟಿಂಗ್.

ಬಳ್ಳಾರಿ ಬೇಸಿಗೆ ಗೊತ್ತಲ್ವಾ? ಸಂಡೂರು ಕಡೆ ಹೊರಟರೆ ಅದಿರು ಲಾರಿಗಳ ಹಿಂದೆ ತೆವಳಬೇಕು. ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು, ಮರುಕ್ಷಣ ಸರ್ರಂತ ಇಳಿಯುತ್ತಿತ್ತು. "ದೊಡ್ಡ ರೇಡಿಯೇಟರ್ ಹಾಕ್ರಿ ಸರ" ಅಂದ್ರು ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ನೀರೇ ಕಾದಿದ್ದರೆ ಮುಳ್ಳು ಅಷ್ಟು ಬೇಗ ಇಳಿಯುವುದಿಲ್ಲ.

ಮುಳ್ಳು ಕೆಂಪಲ್ಲಿದ್ದಾಗ ಎಂಜಿನ್ನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಮುಟ್ಟಿದೆ. ಬರೀ ಉಗುರುಬೆಚ್ಚಗಿತ್ತು! ಅಂದರೆ ಥರ್ಮೋಸ್ಟಾಟ್ (ನೀರು ಕಾದಾಗ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆದೇ ಇಲ್ಲ. ಗಾರೆ ಕೆಲಸದವರ ಲೆವೆಲ್ ಪೈಪ್ (ಎತ್ತರ ಹೋಲಿಸುವ ನೀರಿನ ಕೊಳವೆ) ತಂದು ಹಿಡಿದೆ. ರೇಡಿಯೇಟರ್ ಬಾಯಿ ಥರ್ಮೋಸ್ಟಾಟ್ ಹೌಸಿಂಗ್‌ಗಿಂತ ಎರಡು ಬೆರಳು ಕೆಳಗಿತ್ತು. ಎಷ್ಟು ನೀರು ತುಂಬಿದರೂ ಗಾಳಿ ಹೌಸಿಂಗ್‌ನಲ್ಲೇ ಉಳಿಯುತ್ತಿತ್ತು. ಸೆನ್ಸರ್‌ಗೆ ಬರೀ ಹಬೆ ತಾಗುತ್ತಿತ್ತು.

ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ, ಅಂದರೆ ಫೈರ್‌ವಾಲ್ ಮೇಲೆ, ಎಲ್ಲಕ್ಕಿಂತ ಎತ್ತರದಲ್ಲಿ, ಗುಜರಿಯ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ (ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಡಬ್ಬಿ) ಕೂರಿಸಿದೆ. ಹೌಸಿಂಗ್‌ನಿಂದ ಅದಕ್ಕೆ ಸಣ್ಣ ಹೋಸ್, ಅದರ ತಳದಿಂದ ವಾಟರ್ ಪಂಪಿನ ಎಳೆಯುವ ಕಡೆಗೆ ದಪ್ಪ ಹೋಸ್. ಪ್ರೆಷರ್ ಕ್ಯಾಪ್ ಈಗ ಟ್ಯಾಂಕಿಗೆ, ರೇಡಿಯೇಟರ್‌ಗೆ ಬರೀ ಮುಚ್ಚಳ. ಗಾಳಿ ಹೊರಹೋಗಲೆಂದು ಥರ್ಮೋಸ್ಟಾಟ್ ಅಂಚಿಗೆ 3 ಮಿ.ಮೀ. ತೂತು ಕೊರೆದು, ತೂತು ಮೇಲೆ ಬರುವಂತೆ ಕೂರಿಸಿದೆ. ನಮ್ಮ ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಅರ್ಧಕ್ಕರ್ಧ ಕೂಲಂಟ್ ಬೆರೆಸಿದೆ.

ಈಗ ಮುಳ್ಳು ನಡುವೆಯೇ ನಿಲ್ಲುತ್ತದೆ. ನೀವೂ ಮಾಡುವುದಾದರೆ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಸುಮ್ನೆ ಎಂಜಿನ್ ಬದಲಿಸುವಂತಿಲ್ಲ.