ಮಳೆಗೆ ಮೊದಲು ಹಿತ್ತಲಿನ ಗೆಲ್ಲು ಸವರಲು ಬ್ಯಾಟರಿ ಗರಗಸ

ಪತ್ತನಾಜೆ (ಮೇ ಕೊನೆಗೆ ಬರುವ, ಮಳೆಗಾಲಕ್ಕೆ ಮೊದಲಿನ ತುಳುನಾಡಿನ ಆಚರಣೆಯ ದಿನ) ಹತ್ತಿರ ಬಂದರೆ ಉಡುಪಿ ಕಡೆಯ ಮನೆಗಳಲ್ಲಿ ಮಾಡಿನ ಮೇಲೆ ಕಣ್ಣು. ಹೆಂಚಿನ ಮೇಲೆ ಬಾಗಿದ ಮಾವಿನ ಗೆಲ್ಲು ಮೊದಲ ಗಾಳಿಗೇ ಮುರಿದು ಬಿದ್ದರೆ ಏನು ಗತಿ? ಎರಡೇ ಗೆಲ್ಲು ಕೊಯ್ಯಲು ಕೆಲಸದವರು ಸಿಗುವುದು ಕಷ್ಟ. ಇಂಥ ಸಣ್ಣ ಕೆಲಸಕ್ಕೆ ಕಾರ್ಡ್‌ಲೆಸ್ ರೆಸಿಪ್ರೊಕೇಟಿಂಗ್ ಸಾ ಬಹಳ ಅನುಕೂಲ. ಬ್ಲೇಡ್ ಕೈಗರಗಸದ ಹಾಗೆಯೇ ಹಿಂದೆ ಮುಂದೆ ಓಡುತ್ತದೆ, ಹಲವು ಮಿಷನ್‌ಗಳಲ್ಲಿ ನಿಮಿಷಕ್ಕೆ 3,000 ಸಲದ ತನಕ. ವಯರ್ ಎಳೆಯುವ ರಗಳೆ ಇಲ್ಲ. ಮನೆಯಲ್ಲಿ 18 ವೋಲ್ಟ್‌ನ ಬ್ಯಾಟರಿ ಡ್ರಿಲ್ ಇದ್ದರೆ ಅದೇ ಕಂಪೆನಿಯ ಸಾ ನೋಡಿ, ಹೆಚ್ಚಾಗಿ ಅದೇ ಬ್ಯಾಟರಿ ಕೂರುತ್ತದೆ.

ಬ್ಲೇಡ್ ಸರಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಹಸಿ ಗೆಲ್ಲಿಗೆ ಒಂದು ಇಂಚಿನಲ್ಲಿ 5–6 ಹಲ್ಲು ಇರುವ, 9 ಇಂಚು ಉದ್ದದ ಬ್ಲೇಡ್ ಸಾಕು. ಮಾಡಿನ ಹಳೆಯ ರೀಪು, ಪಕ್ಕಾಸುಗಳಲ್ಲಿ ಮೊಳೆ ಇದ್ದೇ ಇರುತ್ತದೆ, ಅದಕ್ಕೆ 10 ಹಲ್ಲಿನ ಬೈಮೆಟಲ್ ಬ್ಲೇಡ್ ಹಾಕಿ. ತುಕ್ಕು ಹಿಡಿದ ಜಿಐ ಪೈಪಿಗೆ 14ರಿಂದ 18 ಹಲ್ಲು ಬೇಕು. ಬ್ಲೇಡಿನ ತುದಿ ಯಾವಾಗಲೂ ಮರದ ಆಚೆ ಬದಿಗೆ ಕಾಣುತ್ತಿರಬೇಕು. ಒಳಗೇ ಗುದ್ದಿದರೆ ಬ್ಲೇಡ್ ಬಗ್ಗುತ್ತದೆ, ಮಿಷನ್ ನಿಮ್ಮ ಕಡೆಗೆ ಒದೆಯುತ್ತದೆ.

ಬ್ಲೇಡ್ ಹಾಕುವ ಮೊದಲು ಬ್ಯಾಟರಿ ತೆಗೆಯಿರಿ. ಹಾಕಿದ ಮೇಲೆ ಒಮ್ಮೆ ಎಳೆದು ನೋಡಿ. ಕನ್ನಡಕ, ಚಪ್ಪಲಿಯ ಬದಲು ಗಟ್ಟಿ ಶೂ, ಲುಂಗಿಯ ಬದಲು ಪ್ಯಾಂಟ್. ಇಷ್ಟು ಬೇಕೇ ಬೇಕು.

ಇನ್ನು ಮುಖ್ಯ ವಿಷಯ. ಬ್ಲೇಡಿನ ಬುಡದಲ್ಲಿ ಒಂದು ಲೋಹದ ತಟ್ಟೆ ಇದೆ, ಅದಕ್ಕೂ ಶೂ ಎಂದೇ ಹೆಸರು. ಅದನ್ನು ಗೆಲ್ಲಿಗೆ ಒತ್ತಿ ಹಿಡಿದೇ ಸ್ವಿಚ್ ಒತ್ತಬೇಕು. ನಡುವೆ ಸಂದು ಬಿಟ್ಟರೆ ಬ್ಲೇಡ್ ಮರವನ್ನು ಕಚ್ಚಿಕೊಳ್ಳುತ್ತದೆ, ಮರ ಕೊಯ್ಯುವ ಬದಲು ಮಿಷನ್ನೇ ಹಿಂದೆ ಮುಂದೆ ಕುಣಿಯುತ್ತದೆ. ಸಂಜೆಗೆ ಮಣಿಕಟ್ಟು ನೋಯುವುದು ಇದರಿಂದಲೇ. ಮೊದಲು ನಿಧಾನ, ಹಲ್ಲು ಹಿಡಿದ ಮೇಲೆ ಜೋರು. ಸುಮ್ನೆ ಜಾಸ್ತಿ ಒತ್ತಬೇಡಿ.

ನಮ್ಮ ಹಲಸಿನ ಮರದಲ್ಲಿ ನಾನು ಮೊದಲ ಸಲ ಮೇಲಿನಿಂದಲೇ ಕೊಯ್ದೆ. ಗೆಲ್ಲು ಅರ್ಧ ಆಗುವಾಗ ಭಾರಕ್ಕೆ ಜಗ್ಗಿ, ಕಾಂಡದ ತೊಗಟೆಯನ್ನು ಎರಡು ಅಡಿ ಸುಲಿದುಕೊಂಡು ಬಿತ್ತು. ಆ ಗಾಯ ನೋಡಿದರೆ ಈಗಲೂ ಬೇಸರವಾಗುತ್ತದೆ. ಸರಿಯಾದ ಕ್ರಮ ಹೀಗೆ: ಕಾಂಡದಿಂದ ಒಂದು ಅಡಿ ಆಚೆ, ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಕೊಯ್ಯಿರಿ. ಅದಕ್ಕಿಂತ ಆಳ ಹೋದರೆ ಬ್ಲೇಡ್ ಸಿಕ್ಕಿಬೀಳುತ್ತದೆ. ಆಮೇಲೆ ಇನ್ನೂ ಎರಡು ಇಂಚು ಆಚೆ, ಮೇಲಿನಿಂದ ಕೊಯ್ಯಿರಿ. ಗೆಲ್ಲು ಚೊಕ್ಕವಾಗಿ ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಬಳೆಯಂಥ ಭಾಗ ಇರುತ್ತದಲ್ವಾ, ಅದನ್ನು ಮಾತ್ರ ಮುಟ್ಟಬೇಡಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ.

ಏಣಿ ಹತ್ತಿ ಒಂದೇ ಕೈಯಲ್ಲಿ ಕೊಯ್ಯುವುದು ಬೇಡ. ಈ ಮಿಷನ್‌ಗೆ ಎರಡೂ ಕೈ ಬೇಕು. ನೆಲದಲ್ಲಿ ನಿಂತು ಎಟಕುವಷ್ಟೇ ನಿಮ್ಮ ಪಾಲು, ಮೇಲಿನದ್ದು ಮರ ಹತ್ತುವವರಿಗೆ ಬಿಡಿ. ಗೆಲ್ಲು ಕರೆಂಟಿನ ತಂತಿಗೆ ತಾಗುವಂತಿದ್ದರೆ ಮೆಸ್ಕಾಂಗೆ ಹೇಳಿ. ತೆಂಗಿನ ಕಾಂಡಕ್ಕೂ ಇದು ಆಗುವುದಿಲ್ಲ.

ಕೆಲಸ ಮುಗಿದಾಗ ಬ್ಲೇಡ್ ಸುಡುತ್ತಿರುತ್ತದೆ, ಆರಲು ಬಿಡಿ. ಹಲಸಿನ ಮೇಣ ಅಂಟಿದ್ದರೆ ಬ್ಯಾಟರಿ ತೆಗೆದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ. ನಮ್ಮ ಉಪ್ಪು ಗಾಳಿಗೆ ಬ್ಲೇಡ್ ಬೇಗ ತುಕ್ಕು ಹಿಡಿಯುತ್ತದೆ, ತೆಳ್ಳಗೆ ಎಣ್ಣೆ ಸವರಿ ಇಡಿ. ಬಿಸಿ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ. ಮಳೆಗಾಲ ಪೂರ್ತಿ ಬಳಸುವುದಿಲ್ಲವಾದರೆ ಅರ್ಧ ಚಾರ್ಜ್ ಇಟ್ಟು, ಮಿಷನ್‌ನಿಂದ ಬಿಡಿಸಿ, ಕೊಟ್ಟಿಗೆಯಲ್ಲಿ ಅಲ್ಲ, ಮನೆಯೊಳಗೆ ಇಡಿ.

ಮೊಂಡಾದ ಬ್ಲೇಡನ್ನು ಬಿಸಾಡಬೇಡಿ. ಮಣ್ಣಿನಡಿಯ ಬೇರು ಕೊಯ್ಯಲು ಅದೇ ಸಾಕು. ನಮ್ಮ ಮುರ ಮಣ್ಣಿಗೆ ಹೊಸ ಬ್ಲೇಡ್ ಹಾಕಿದರೂ ನಾಲ್ಕು ಬೇರು ಕೊಯ್ಯುವಷ್ಟರಲ್ಲಿ ಹಲ್ಲು ಸವೆಯುತ್ತದೆ.