ಮಕ್ಕಳ ಮೊದಲ ಬಾಡಿಗೆ ರೂಮು: ಜಾಮೀನಿಗೆ ಸಹಿ ಹಾಕುವ ಮುಂಚೆ ಓದಿ

ನೀವು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲೋ ಬದಿಯಡ್ಕದಲ್ಲೋ ಮನೆ ಮಾಡಿದ್ದೀರಿ. ಮಗನಿಗೆ ಪೊವ್ವಲ್‌ನ ಇಂಜಿನಿಯರಿಂಗ್ ಕಾಲೇಜಿನಲ್ಲೋ, ಮಗಳಿಗೆ ವಿದ್ಯಾನಗರದಲ್ಲೋ ಹೊಸದುರ್ಗದಲ್ಲೋ ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಗಲಿಲ್ಲ. ನಾಲ್ಕು ಮಕ್ಕಳು ಸೇರಿ ಕ್ವಾರ್ಟರ್ಸ್ (ಬಾಡಿಗೆ ಮನೆ) ಹಿಡಿಯುತ್ತಾರೆ, ಓನರ್ "ಅಪ್ಪ ಬಂದು ಜಾಮೀನು ಹಾಕಲಿ" ಅನ್ನುತ್ತಾರೆ. ಪ್ರತಿ ಜೂನ್‌ನಲ್ಲೂ ನಮ್ಮ ಸಂಘಕ್ಕೆ ಇದೇ ವಿಷಯದ ಫೋನ್ ಬರುತ್ತದೆ, ಅದೂ ಸಹಿ ಹಾಕಿ ಆದಮೇಲೆ!

ಮೊದಲು ವಯಸ್ಸು ನೋಡಿ. 18 ತುಂಬದ ಮಕ್ಕಳ ಸಹಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಪಿಯುಸಿ ಅಥವಾ ಪ್ಲಸ್ ಟು ಮುಗಿಸಿದ ಎಷ್ಟೋ ಮಕ್ಕಳಿಗೆ 17 ಅಷ್ಟೇ ಆಗಿರುತ್ತದೆ. ಆಗ ಕರಾರು ನಿಮ್ಮ ಹೆಸರಿನಲ್ಲೇ ಆಗಲಿ, ಬಾಡಿಗೆದಾರರು ನೀವೇ. 18 ಆಗಿದ್ದರೆ ಮಕ್ಕಳು ಬಾಡಿಗೆದಾರರು, ನೀವು ಜಾಮೀನುದಾರರು. ಎರಡೂ ಒಂದೇ ಅಲ್ಲ.

ಜಾಮೀನು ಅಂದರೆ ಏನು

ಇದನ್ನು ನಾನು ಹಣ ಕೊಟ್ಟು ಕಲಿತೆ. ನನ್ನ ಮಗ ಇಬ್ಬರು ಗೆಳೆಯರ ಜೊತೆ ರೂಮು ಮಾಡಿದ. ಕರಾರಿಗೆ ಮೂವರೂ ಸಹಿ ಹಾಕಿದರು, ಜಾಮೀನಿಗೆ ನಾನೊಬ್ಬನೇ. ಕಾಗದ ಮಲಯಾಳದಲ್ಲಿತ್ತು, ನನಗೆ ಓದಲು ಬರುತ್ತಿರಲಿಲ್ಲ, "ಸುಮ್ನೆ ಒಂದು ಸಹಿ" ಅಂದರು, ಹಾಕಿಬಿಟ್ಟೆ. ಐದನೇ ತಿಂಗಳಲ್ಲಿ ಒಬ್ಬ ಕಾಲೇಜು ಬಿಟ್ಟು ಊರಿಗೆ ಹೋದ, ಇನ್ನೊಬ್ಬ ಬಾಡಿಗೆ ಕೊಡುವುದನ್ನು ನಿಲ್ಲಿಸಿದ. ಓನರ್ ಆ ಹುಡುಗರ ಮನೆಗೆ ಫೋನ್ ಮಾಡಲಿಲ್ಲ, ನೇರ ನನಗೆ ಮಾಡಿದರು. ನನ್ನ ಮಗನ ಪಾಲು ಮಾತ್ರ ಕೊಡುತ್ತೇನೆ ಅಂದೆ. ಹಾಗೆ ಆಗುವುದಿಲ್ಲ ಅಂತ ವಕೀಲರೇ ಹೇಳಿದರು. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಬಾಡಿಗೆದಾರನ ಸಾಲ ಎಷ್ಟೋ ಜಾಮೀನುದಾರನ ಸಾಲವೂ ಅಷ್ಟೇ, ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಕಮ್ಮಿ. ಮೂವರು ಒಟ್ಟಿಗೆ ಸಹಿ ಹಾಕಿದರೆ ಒಬ್ಬನಿಂದಲೇ ಪೂರ್ತಿ ಕೇಳುವುದಕ್ಕೂ ಅವಕಾಶ ಇದೆ. ಬಾಕಿಯೆಲ್ಲ ನಾನೇ ಕೊಟ್ಟೆ. ಆ ಹುಡುಗರ ತಂದೆಯರ ಜೊತೆ ಇವತ್ತಿಗೂ ಮಾತು ಸರಿಯಾಗಿಲ್ಲ, ಅದು ಹಣಕ್ಕಿಂತ ಜಾಸ್ತಿ ನೋವು.

ಆದ್ದರಿಂದ ಕರಾರಿನಲ್ಲೇ ಬರೆಸಿ: ಜಾಮೀನು ಈ 11 ತಿಂಗಳಿಗೆ ಮಾತ್ರ, ನನ್ನ ಮಗನ ಪಾಲಿಗೆ ಮಾತ್ರ, ಇಷ್ಟು ರೂಪಾಯಿವರೆಗೆ ಮಾತ್ರ. ಓನರ್ ಒಪ್ಪದಿದ್ದರೆ ಎಲ್ಲ ಮಕ್ಕಳ ಮನೆಯವರೂ ಜಾಮೀನು ಹಾಕಲಿ. ಕೇಳುವುದಕ್ಕೆ ಸಂಕೋಚ ಬೇಡ. ನಮ್ಮವರು ಬಸ್ಸಿನಲ್ಲಿ ಎರಡು ರೂಪಾಯಿ ಚಿಲ್ಲರೆ ಕೇಳುತ್ತಾರೆ, ಇಲ್ಲಿ ಬಾಯಿ ಬಿಡುವುದಿಲ್ಲ.

ಕರಾರು 11 ತಿಂಗಳಿಗೇ ಯಾಕೆ ಅಂತ ಹೊಸಬರು ಕೇಳುತ್ತಾರೆ. ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ. 11 ತಿಂಗಳು ಮುಗಿದ ಮೇಲೆ ಹೊಸ ಕರಾರು ಬರುತ್ತದೆ. ಅದನ್ನೂ ಮೊದಲಿನಿಂದ ಓದಿ.

ಕರಾರಿನಲ್ಲಿ ಬರುವ ಮಲಯಾಳ ಪದಗಳು

ವಾಡಗ: ಬಾಡಿಗೆ
ಉಡಮ: ಓನರ್
ಜಾಮ್ಯಂ: ಜಾಮೀನು
ಕುಡಿಶ್ಶಿಗ: ಬಾಕಿ
ಮುದ್ರಪತ್ರಂ: ಛಾಪಾ ಕಾಗದ

ಖಾಸಗಿ ಕರಾರು ಮಲಯಾಳದಲ್ಲೇ ಇರಬೇಕು ಅಂತೇನಿಲ್ಲ. ಕನ್ನಡದಲ್ಲೂ ಒಂದು ಪ್ರತಿ ಕೇಳಿ. ಇದು ಗೋವಿಂದ ಪೈಗಳ ಜಿಲ್ಲೆ, ಇಲ್ಲಿ ಕನ್ನಡ ಓದಿ ಬರೆಯುವ ಓನರ್‌ಗಳು ಬೇಕಾದಷ್ಟು ಜನ ಇದ್ದಾರೆ. ಹಾಗಂತ ಮಲಯಾಳ ಅಕ್ಷರ ಕಲಿಯದೆ ಕೂರಬೇಡಿ. ನಮ್ಮ ಲಿಪಿ ಗೊತ್ತಿದ್ದವರಿಗೆ ಅದು ಕಷ್ಟವಲ್ಲ.

ರೂಮು ನೋಡುವಾಗ

ಮಳೆ ಬರುವ ದಿನವೇ ಹೋಗಿ. ಜೂನ್, ಜುಲೈಯಲ್ಲಿ ಗೋಡೆ ಒದ್ದೆಯಾಗುತ್ತದಾ, ಹಂಚು ಸೋರುತ್ತದಾ ನೋಡಿ. ಬಾವಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಇರುತ್ತದಾ ಅಂತ ಓನರ್ ಹತ್ತಿರ ಅಲ್ಲ, ಪಕ್ಕದ ಮನೆಯ ಅಕ್ಕನ ಹತ್ತಿರ ಕೇಳಿ.

ಕರೆಂಟ್ ಬಿಲ್ ಕರ್ನಾಟಕದ ಹಾಗೆ ತಿಂಗಳಿಗೊಮ್ಮೆ ಅಲ್ಲ. ಇಲ್ಲಿ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಮನೆ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ. ಮಕ್ಕಳು ಮೊದಲ ತಿಂಗಳು ಬಿಲ್ ಬರಲಿಲ್ಲ ಅಂತ ಖುಷಿಯಲ್ಲಿ ಖರ್ಚು ಮಾಡಿ, ಆಮೇಲೆ ನಿಮಗೆ ಫೋನ್ ಮಾಡುತ್ತಾರೆ. ರೂಮಿಗೆ ಹೋದ ದಿನವೇ ಮೀಟರಿನ ಫೋಟೋ ತೆಗೆದಿಡಲಿ, ಬಿಡುವ ದಿನವೂ ತೆಗೆಯಲಿ.

ಅಡ್ವಾನ್ಸ್ ಕೈಯಲ್ಲಿ ಕೊಡಬೇಡಿ, ಬ್ಯಾಂಕ್ ಮೂಲಕ ಕಳಿಸಿ. ರೂಮು ಬಿಡುವಾಗ ಅದರಿಂದ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಈಗಲೇ ಬರೆಸಿ.

ಕರಾರು ಅರ್ಥವಾಗದಿದ್ದರೆ ಸಹಿ ಹಾಕದೆ ಸಂಘಕ್ಕೆ ತನ್ನಿ. ಓದಿ ಹೇಳಲು ನಮ್ಮಲ್ಲಿ ಜನ ಇದ್ದಾರೆ. ಮಗನನ್ನೋ ಮಗಳನ್ನೋ ಜೊತೆಗೆ ಕರೆತನ್ನಿ, ಅಲ್ಲಿ ಇರುವವರು ಅವರೇ ಅಲ್ವಾ?