ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ಕ್ರಮ

ಮೊನ್ನೆ ಕಾಸರಗೋಡಿನ ಪೆರ್ಲದಲ್ಲಿ ನೆಂಟರ ಮನೆಯ ಹುಡುಗನೊಬ್ಬ ಬ್ಲೀಚಿಂಗ್ ಪುಡಿಯ ಪೊಟ್ಟಣವನ್ನು ಹರಿದು, ಬಾವಿಕಟ್ಟೆಯ ಮೇಲಿನಿಂದಲೇ ನೀರಿಗೆ ಸುರಿಯುವುದನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ. ಕೇಳಿದರೆ, "ನೀರು ತಿಳಿಯಾಗಿಯೇ ಇದೆಯಲ್ಲ ದೊಡ್ಡಮ್ಮ, ಇಷ್ಟು ಸಾಕು" ಎಂದ. ನನ್ನ ತವರಿನಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಬರುತ್ತಿದ್ದ ನೀರೂ ತಿಳಿಯಾಗಿಯೇ ಇತ್ತು. ಬೊಗಸೆಯೊಡ್ಡಿ ಕುಡಿಯುತ್ತಿದ್ದ ನನ್ನ ತಮ್ಮನು ಒಂದು ಮಳೆಗಾಲ ಪೂರ್ತಿ ಕಾಮಾಲೆಯಿಂದ ಮಲಗಿದ್ದನ್ನು ನಾನು ಮರೆತಿಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಾಗಲಿ, ಟೈಫಾಯ್ಡಿನ ಬ್ಯಾಕ್ಟೀರಿಯಾವಾಗಲಿ ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ನಮ್ಮದು ತೂತು ತೂತಾದ ಮುರಕಲ್ಲಿನ ನೆಲವಾದ್ದರಿಂದ, ಮಳೆ ಹಿಡಿದೊಡನೆ ಕಕ್ಕಸು ಗುಂಡಿಯ ನೀರು ಬಾವಿಗೆ ಒಸರುವುದು ಸುಲಭ.

ಈ ಸೂಕ್ಷ್ಮಾಣುಗಳನ್ನು ಕೊಲ್ಲಲು ಹಾಕುವ ಬ್ಲೀಚಿಂಗ್ ಪುಡಿಯ ಲೆಕ್ಕ 1000 ಲೀಟರ್ ನೀರಿಗೆ 2.5 ಗ್ರಾಂ, ಕಲಕು ನೀರು ನುಗ್ಗಿದ್ದರೆ ಅದರ ಎರಡರಷ್ಟು. ಬಾವಿಯ ನೀರು ನೋಡಿದರೆ ಎಷ್ಟು ಬೇಕೆಂದು ನನ್ನ ಕೈಗೆ ಗೊತ್ತಾಗುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪವೇ ನೀರು ಹಾಕಿ, ಗಂಟಿಲ್ಲದಂತೆ ದೋಸೆ ಹಿಟ್ಟಿನ ಹದಕ್ಕೆ ಕೋಲಿನಿಂದ ಕಲಸಬೇಕು. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಕದಡಿ, ಹತ್ತು ನಿಮಿಷ ಮುಟ್ಟದೆ ಬಿಡಬೇಕು. ಅಡಿಯಲ್ಲಿ ಬೆಳ್ಳಗೆ ನಿಲ್ಲುವುದು ಬರೀ ಸುಣ್ಣ. ಅದನ್ನು ಬಾವಿಗೆ ಹಾಕಿದರೆ ನೀರು ಗಡುಸಾಗುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಯ ಬಕೆಟಿಗೆ ಬಗ್ಗಿಸಿಕೊಂಡು, ಹಗ್ಗದಲ್ಲಿ ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿಸಿ ಇಡೀ ನೀರಿಗೆ ಬೆರೆಸಬೇಕು. ಈ ಎಳೆದಾಟಕ್ಕೆ ರಟ್ಟೆ ನೋಯುತ್ತದೆಂದು ಇಂದಿನವರು ಬಿಟ್ಟುಬಿಡುತ್ತಾರೆ. ಮೇಲೆ ಸುರಿದದ್ದು ಮೇಲೆಯೇ ಉಳಿದರೆ, ತಳದಿಂದ ಎಳೆಯುವ ಪಂಪಿನ ನೀರಿಗೆ ಅದರಿಂದೇನು ಪ್ರಯೋಜನ? ನಾನು ಸಂಜೆ ಹಾಕಿ, ಬೆಳಗಿನವರೆಗೆ ಮೋಟಾರು ಮುಟ್ಟಗೊಡುವುದಿಲ್ಲ. ಬೆಳಿಗ್ಗೆ ಕೊಡಪಾನಕ್ಕೆ ಮೂಗು ಹಿಡಿದಾಗ ತೆಳುವಾಗಿ ಕ್ಲೋರಿನ್ ವಾಸನೆ ಬಂದರೆ ಸರಿ, ಏನೂ ಬಾರದಿದ್ದರೆ ಹಾಕಿದ್ದು ಸಾಲದು.

ನನ್ನ ಅತ್ತೆಯವರು, ಮಳೆಗಾಲದ ಹೊಸ್ತಿಲಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನಕ್ಕೆ ಮೊದಲೇ ಬಾವಿಯ ಕೆಸರೆತ್ತಿಸುತ್ತಿದ್ದರು. ಕೊಡಪಾನದ ಒಳಮೈಗೆ ಬೆರಳಾಡಿಸಿ, ಜಾರಿದರೆ ತೆಂಗಿನ ನಾರು, ಹುಣಿಸೆಹುಳಿ ಹಾಕಿ ಮತ್ತೆ ತಿಕ್ಕಿಸುತ್ತಿದ್ದರು. ಆ ಲೋಳೆಯೂ ಸೂಕ್ಷ್ಮಾಣುಗಳು ಕಟ್ಟಿಕೊಂಡ ಗೂಡೇ.

ಇಷ್ಟಾದರೂ ಕುಡಿಯುವ ನೀರನ್ನು ಕುದಿಸಲೇಬೇಕು, ಗುಳ್ಳೆ ಮರಳಿದ ಮೇಲೆಯೂ ಒಂದು ನಿಮಿಷ. ಜೀರಿಗೆ ಹಾಕಿ ಕುದಿಸಿದ ನೀರಿಗೆ ಬೇಗ ಆರಲೆಂದು ಹಸಿ ನೀರು ಬೆರೆಸಿ ಅತಿಥಿಗಳಿಗೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಸರವಿದ್ದರೆ ಮುಚ್ಚಿದ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಡಿ.